ದನಿ ಯಾವ ಭಾಷೆಯಲ್ಲಿ ಮಾತಾಡಿತು? 1431ರ ಒಂದು ವಿಚಾರಣೆಯ ಕಡತ

ಈ ಸರಣಿಯಲ್ಲಿ ಇದುವರೆಗೆ ತಾಳವಾಡಿ, ಅಕ್ಕಲಕೋಟೆ, ಮಡಕಶಿರಾ ಅಂತ ನಮ್ಮ ನಮ್ಮ ಊರುಗಳ ಮಾತೇ ನಡೆದಿದೆ. ನಾನು ತೆಗೆದುಕೊಂಡದ್ದು ಫ್ರಾನ್ಸಿನ ರೂಆನ್ ಪಟ್ಟಣದಲ್ಲಿ ನಡೆದ ಜಾನ್ ಆಫ್ ಆರ್ಕ್‌ಳ ವಿಚಾರಣೆ. ವಿಷಯ ಹೇಳಿದಾಗ ಮೇಡಂ, "ಇದಕ್ಕೂ ಗಡಿನಾಡಿಗೂ ಏನಮ್ಮ ಸಂಬಂಧ?" ಅಂತ ಕೇಳಿದರು. ಸಂಬಂಧ ಉಂಟು ಮೇಡಂ, ಸ್ವಲ್ಪ ಹೊತ್ತು ಕೊಡಿ.

ಕತೆ ನಿಮಗೆಲ್ಲ ಗೊತ್ತಿರುವುದೇ. ಫ್ರಾನ್ಸಿಗೂ ಇಂಗ್ಲೆಂಡಿಗೂ ನೂರು ವರ್ಷಗಳ ಯುದ್ಧ, ಬರ್ಗಂಡಿಯವರು ಇಂಗ್ಲಿಷರ ಪಕ್ಷ. ಓದುಬರಹ ಬಾರದ ಹಳ್ಳಿ ಹುಡುಗಿಯೊಬ್ಬಳು ತನಗೆ ದೇವರ ಕಡೆಯಿಂದ ದನಿಗಳು ಕೇಳಿಸುತ್ತವೆ ಅಂತ ಹೊರಟು, 1429ರಲ್ಲಿ ಓರ್ಲಿಯನ್ಸಿನ ಮುತ್ತಿಗೆ ಬಿಡಿಸಿ, ಏಳನೇ ಚಾರ್ಲ್ಸ್‌ಗೆ ಪಟ್ಟ ಕಟ್ಟಿಸಿದಳು. 1430ರ ಮೇ 23ರಂದು ಬರ್ಗಂಡಿಯವರ ಕೈಗೆ ಸಿಕ್ಕಿದಳು. ಅವರು ಹತ್ತು ಸಾವಿರ ಲೀವ್ರ್‌ಗೆ ಅವಳನ್ನು ಇಂಗ್ಲಿಷರಿಗೆ ಮಾರಿದರು. ಇಷ್ಟು ಸಾಕು.

ಸಾಮಾನ್ಯವಾಗಿ ಯಾರೂ ಹೇಳದ ಸಂಗತಿ ಅವಳ ಊರಿನದು. ಮ್ಯೂಜ್ ನದಿಯ ದಡದ ಡೊಮ್ರೆಮಿ ಗಡಿಯ ಹಳ್ಳಿ. ಊರಿನ ನಡುವೆ ಒಂದು ತೊರೆ, ಅದರ ಒಂದು ಬದಿ ಫ್ರಾನ್ಸಿನ ಅರಸನಿಗೆ ಸೇರಿದ್ದು, ಇನ್ನೊಂದು ಬದಿ ಬಾರ್ ಸೀಮೆಗೆ. ನದಿಯಾಚೆಯ ಮಾಕ್ಸೆ ಹಳ್ಳಿಯವರು ಬರ್ಗಂಡಿಯ ಪಕ್ಷ. ಎರಡೂ ಊರಿನ ಮಕ್ಕಳು ಹೊಡೆದಾಡಿಕೊಂಡು ರಕ್ತ ಸುರಿಸಿಕೊಂಡು ಮನೆಗೆ ಬರುವುದನ್ನು ಕಂಡಿದ್ದೇನೆ ಅಂತ ಅವಳೇ ವಿಚಾರಣೆಯಲ್ಲಿ ಹೇಳುತ್ತಾಳೆ. ನಾನು ಕಾಸರಗೋಡಿನ ಕಡೆಯವಳು. ನಮ್ಮಲ್ಲಿ ರಕ್ತ ಸುರಿಯುವಷ್ಟು ಇಲ್ಲದಿದ್ದರೂ, ಶಾಲೆಯ ಯಾವ ಮಗು ಯಾವ ಮೀಡಿಯಂ ಅನ್ನುವುದು ಮಕ್ಕಳಿಗೂ ಗೊತ್ತಿರ್ತದೆ.

ಸಾರ್ವಜನಿಕ ವಿಚಾರಣೆ ಶುರುವಾದದ್ದು 1431ರ ಫೆಬ್ರವರಿ 21ಕ್ಕೆ. ಬೋವೆಯ ಬಿಷಪ್ ಪಿಯೆರ್ ಕೋಶೋನ್ ಮುಖ್ಯ ನ್ಯಾಯಾಧೀಶ. ನಲವತ್ತಕ್ಕೂ ಹೆಚ್ಚು ಪಂಡಿತರ ಎದುರು ಒಬ್ಬಳು ಹುಡುಗಿ, ಹತ್ತೊಂಬತ್ತರ ಆಸುಪಾಸು. ಮೊದಲ ದನಿ ಕೇಳಿದಾಗ ತನಗೆ ಹದಿಮೂರು ವರ್ಷ, ಬೇಸಗೆಯ ಮಧ್ಯಾಹ್ನ, ಅಪ್ಪನ ಹಿತ್ತಿಲಲ್ಲಿದ್ದೆ, ದನಿ ಬಲಗಡೆಯಿಂದ, ಇಗರ್ಜಿಯ ದಿಕ್ಕಿನಿಂದ ಬಂತು, ಜೊತೆಗೆ ಬೆಳಕೂ ಇತ್ತು ಅಂತ ಅವಳ ಹೇಳಿಕೆ. ಎಷ್ಟು ಖಚಿತ ನೋಡಿ! ಆಮೇಲೆ ಸಂತ ಕ್ಯಾಥರೀನ್, ಸಂತ ಮಾರ್ಗರೆಟ್, ಸಂತ ಮೈಕೇಲ್ ಅಂತ ಹೆಸರನ್ನೂ ಹೇಳಿದಳು.

ಇಲ್ಲಿ ನಾವು ಒಂದು ತಪ್ಪು ಮಾಡ್ತೇವೆ. ದನಿ ಕೇಳಿಸಿತು ಅಂದದ್ದಕ್ಕೇ ಅವಳನ್ನು ಸುಟ್ಟರು ಅಂದುಕೊಳ್ತೇವೆ. ಹಾಗಲ್ಲ. ಸಂತರ ದನಿ ಮನುಷ್ಯರಿಗೆ ಕೇಳಿಸಬಹುದು ಅನ್ನುವುದನ್ನು ಆ ಪಂಡಿತರೂ ನಂಬಿದ್ದರು. ದನಿ ದೇವರದೋ ಪಿಶಾಚಿಯದೋ ಅಂತ ತೀರ್ಮಾನಿಸುವ ಹಕ್ಕು ಯಾರದು, ಜಗಳ ಇದ್ದದ್ದು ಅಲ್ಲಿ. ಭೂಮಿಯ ಮೇಲಿನ ಚರ್ಚಿಗೆ ನಿನ್ನ ದನಿಗಳನ್ನು ಒಪ್ಪಿಸು ಅಂತ ಅವರು ಕೇಳುತ್ತಲೇ ಇದ್ದರು. ದೇವರಾಜ್ಯದ ಚರ್ಚು, ಭೂಮಿಯ ಚರ್ಚು ಅನ್ನುವ ಶಾಸ್ತ್ರದ ಭೇದ ಅವಳಿಗೆ ಹೊಸತು. ದೇವರೂ ಚರ್ಚೂ ಒಂದೇ ಅಲ್ಲವಾ, ಇದರಲ್ಲಿ ತೊಡಕೇನು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟಳು. ಧರ್ಮದ್ರೋಹದ ಆರೋಪಕ್ಕೆ ಬಲ ಬಂದದ್ದು ಇಂಥ ಉತ್ತರಗಳಿಂದ. ಆಗ ಇಂಗ್ಲಿಷರ ಪಕ್ಷದ ಹಿಡಿತದಲ್ಲಿದ್ದ ಪ್ಯಾರಿಸ್ ವಿಶ್ವವಿದ್ಯಾಲಯ ಮೇ ತಿಂಗಳಲ್ಲಿ ಆ ದನಿಗಳಿಗೆ ಪಿಶಾಚಿಗಳ ಹೆಸರನ್ನೇ ಕೊಟ್ಟಿತು: ಬೆಲಿಯಾಲ್, ಸೈತಾನ, ಬೆಹೆಮೋತ್.

ಈಗ ಭಾಷೆಯ ವಿಷಯ. ಮಾರ್ಚ್ 1ರಂದು ಅವಳನ್ನು ಕೇಳಿದರು: ಸಂತ ಮಾರ್ಗರೆಟ್ ಇಂಗ್ಲಿಷ್ ಮಾತಾಡುತ್ತಾಳಾ? ಆಕೆ ಇಂಗ್ಲಿಷರ ಪಕ್ಷದವಳಲ್ಲ, ಯಾಕೆ ಮಾತಾಡಬೇಕು ಅಂತ ಜಾನ್ ತಿರುಗಿ ಕೇಳಿದಳು. ಇದಕ್ಕೂ ಮೊದಲು 1429ರಲ್ಲಿ, ಪ್ವಾತಿಯೆಯಲ್ಲಿ ಚಾರ್ಲ್ಸ್‌ನ ಕಡೆಯ ಪಂಡಿತರು ಅವಳನ್ನು ಪರೀಕ್ಷೆ ಮಾಡಿದಾಗಲೂ ಇದೇ ಪ್ರಶ್ನೆ ಬಂದಿತ್ತು. ಕೇಳಿದವನು ಸೆಗ್ಯಾಂ ಎಂಬ ಸನ್ಯಾಸಿ, ಅವನ ಮಾತು ಲಿಮೂಸ್ಯಾಂ ಸೀಮೆಯದ್ದು. ನಿನ್ನ ಭಾಷೆಗಿಂತ ಚೆನ್ನಾದದ್ದು ಅಂತ ಉತ್ತರ ಕೊಟ್ಟಳಂತೆ. ಇದನ್ನು ಸುಮಾರು 27 ವರ್ಷಗಳ ನಂತರ ಸಾಕ್ಷಿಯಲ್ಲಿ ಹೇಳಿದವನು ಅದೇ ಸೆಗ್ಯಾಂ! ತನ್ನ ಉಚ್ಚಾರದ ಬಗ್ಗೆ ಆದ ಗೇಲಿಯನ್ನು ತಾನೇ ಒಪ್ಪಿಕೊಂಡ ಆ ಮುದುಕನ ಮೇಲೆ ನನಗೆ ಸ್ವಲ್ಪ ಪ್ರೀತಿ. ಈ ಪ್ರಶ್ನೆಯೂ ನನಗೆ ತಮಾಷೆ ಅನ್ನಿಸಲಿಲ್ಲ. ನಮ್ಮ ಕಡೆ ದೈವ ತುಳುವಿನಲ್ಲಿ ನುಡಿ ಕೊಡ್ತದೆ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ತೆಯ್ಯಂ ಮಾತಾಡುವುದು ಮಲಯಾಳದಲ್ಲಿ.

ಕಡತ ಹೇಗೆ ತಯಾರಾಯಿತು ಅಂತ ನೋಡಿ. ಪ್ರಶ್ನೆ, ಉತ್ತರ ನಡೆದದ್ದು ಫ್ರೆಂಚಿನಲ್ಲಿ. ಗಿಯೋಮ್ ಮಾಂಶೋನ್ ಮತ್ತು ಜೊತೆಯ ಬರಹಗಾರರು ಬರೆದುಕೊಂಡದ್ದೂ ಫ್ರೆಂಚಿನಲ್ಲಿ, ಆದರೆ "ಅವಳು ಹೇಳಿದಳು" ಎಂಬ ಧಾಟಿಯಲ್ಲಿ. ಅವಳ "ನಾನು" ಮೊದಲ ಮೆಟ್ಟಿಲಲ್ಲೇ ಹೋಯಿತು. ಆಮೇಲೆ ತೋಮಾ ದ ಕುರ್ಸೆಲ್ ಎಂಬ ವಿದ್ವಾಂಸ ಮಾಂಶೋನ್ ಜೊತೆ ಸೇರಿ ಅದನ್ನು ಲ್ಯಾಟಿನ್‌ಗೆ ತಂದ. ಜಾನ್‌ಳಿಗೆ ಚಿತ್ರಹಿಂಸೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಕೊಡಬೇಕು ಅಂದ ಮೂವರಲ್ಲಿ ಒಬ್ಬ ಈ ಅನುವಾದಕ. ನ್ಯಾಯಾಧೀಶರು ತನಗೆ ಲ್ಯಾಟಿನ್‌ನಲ್ಲಿ ಹೇಳಿ ಮಾತು ಬದಲಿಸಿ ಬರೆಯಲು ಒತ್ತಾಯಿಸುತ್ತಿದ್ದರು ಅಂತ ಮಾಂಶೋನ್ ಮುಂದೆ ಸಾಕ್ಷಿ ನುಡಿದ. ಲ್ಯಾಟಿನ್ ಯಾಕೆ? ಎದುರಿಗೆ ಕೂತಿದ್ದ ಹುಡುಗಿಗೆ ಅರ್ಥ ಆಗಬಾರದು ಅಂತಲೇ, ಅನ್ನುವುದು ನನ್ನ ಊಹೆ.

ನನ್ನ ಅಜ್ಜಿ ಮನೆಯಲ್ಲಿ ತುಳು, ಹೊರಗೆ ಕನ್ನಡ ಮಾತಾಡುವವರು. ಜಾಗದ ತಕರಾರೊಂದರಲ್ಲಿ ಅವರ ಹೇಳಿಕೆ ಬೇಕಾಯಿತು. ಅಜ್ಜಿ ಕನ್ನಡದಲ್ಲಿ ಹೇಳಿದರು, ಕಚೇರಿಯವರು ಮಲಯಾಳದಲ್ಲಿ ಬರೆದುಕೊಂಡರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಅದನ್ನು ನಾನು ಓದಿ ಹೇಳಿದ್ದು ಎಷ್ಟೋ ದಿನ ಕಳೆದ ಮೇಲೆ. "ಬೇಲಿ ಅವನು ಸರಿಸಿದ" ಅಂತ ಅಜ್ಜಿ ಹೇಳಿದ್ದು, ಕಾಗದದಲ್ಲಿ "ಬೇಲಿಯ ಬಗ್ಗೆ ತಕರಾರಿಲ್ಲ" ಅಂತ ಇತ್ತು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬೆರಳು ನನ್ನದು, ಬಾಯಿ ಯಾರದು ಮಗಾ?" ಅಂದರು. ಬೆಂಕಿಗೆ ಹೋದವಳಿಗೆ ಅಜ್ಜಿಯನ್ನು ಹೋಲಿಸುತ್ತಿಲ್ಲ. ಆದರೆ ಆ ಪ್ರಶ್ನೆ ಇಲ್ಲದೆ ನಾನು ಈ ಕಡತವನ್ನು ಬೇರೆ ರೀತಿ ಓದ್ತಿದ್ದೆ.

ಅಕ್ಕಮಹಾದೇವಿಯ ಹೆಸರು ಚರ್ಚೆಯಲ್ಲಿ ಹೇಗೂ ಬರ್ತದೆ, ಅದಕ್ಕೆ ಈಗಲೇ ಹೇಳಿಬಿಡ್ತೇನೆ. ಅನುಭವ ಮಂಟಪದಲ್ಲಿ ಅಲ್ಲಮ ಅಕ್ಕನನ್ನು ಪ್ರಶ್ನಿಸುವ ಪ್ರಸಂಗ ನಮಗೆ ಸಿಗುವುದು ಶೂನ್ಯಸಂಪಾದನೆಯಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯ ಅದನ್ನು ಮೊದಲು ಸಂಕಲಿಸಿದ್ದು ಹದಿನೈದನೇ ಶತಮಾನದಲ್ಲಿ, ಅಂದರೆ ಜಾನ್‌ಳ ಶತಮಾನದಲ್ಲೇ, ಅಕ್ಕ ತೀರಿಕೊಂಡು ಸುಮಾರು ಮುನ್ನೂರು ವರ್ಷದ ಮೇಲೆ. ಅಲ್ಲಿ ಪ್ರಶ್ನೆ ಕೇಳುವವರಿಗೆ ಅವಳನ್ನು ಒಪ್ಪಿಕೊಳ್ಳುವ ಆಸೆ ಇದೆ, ಅಕ್ಕನ "ನಾನು" ವಚನದಲ್ಲಿ ಉಳಿದಿದೆ. ಇಬ್ಬರೂ ಬಂಡಾಯದ ಹೆಣ್ಣುಗಳು ಅಂತ ಒಂದೇ ಕಟ್ಟು ಕಟ್ಟುವುದು ಸುಲಭ, ಆದರೆ ಎರಡು ಪಠ್ಯಗಳ ಜಾತಿಯೇ ಬೇರೆ.

ಮೇ 24ರಂದು ಸೇಂಟ್ ಊಆನ್‌ನ ಸ್ಮಶಾನದಲ್ಲಿ, ಎಲ್ಲರ ಎದುರು, ಅವಳು ದನಿಗಳನ್ನು ನಿರಾಕರಿಸುವ ಚೀಟಿಗೆ ಒಪ್ಪಿದಳು. ಆ ಚೀಟಿಯನ್ನು ಅವಳಿಗೆ ಓದಿ ಹೇಳಿದ ಮಾಸ್ಯೂ ಎಂಬ ಅಧಿಕಾರಿ, ಅದು ಎಂಟು ಸಾಲಿಗಿಂತ ಹೆಚ್ಚಿರಲಿಲ್ಲ, ಕಡತದಲ್ಲಿರುವುದು ಅದಲ್ಲವೇ ಅಲ್ಲ ಅಂತ ಮುಂದೆ ಹೇಳಿದ. ಕಡತದಲ್ಲಿರುವುದು ಅದಕ್ಕಿಂತ ಎಷ್ಟೋ ಪಟ್ಟು ಉದ್ದ. ಅಷ್ಟರಲ್ಲಿ ಅವಳು ತನ್ನ ಹೆಸರು ಬರೆಯಲು ಕಲಿತಿದ್ದಳು, ಸಹಿ ಇರುವ ಪತ್ರಗಳು ಇವತ್ತಿಗೂ ಉಳಿದಿವೆ. ಆದರೂ ಅವತ್ತು ಹಾಕಿದ್ದು ಬರೀ ಒಂದು ಗುರುತು ಅಂತ ಕೆಲವು ಸಾಕ್ಷಿಗಳು ಹೇಳುತ್ತಾರೆ.

1456ರ ಜುಲೈ 7ರಂದು, ಅವಳ ತಾಯಿ ಇಸಬೆಲ್ ರೋಮೆಯ ಮನವಿಯ ಮೇಲೆ ನಡೆದ ಮರುವಿಚಾರಣೆ ಈ ತೀರ್ಪನ್ನು ರದ್ದು ಮಾಡಿತು. ಮಾಂಶೋನ್, ಸೆಗ್ಯಾಂ, ಮಾಸ್ಯೂ ಇವರ ಮಾತುಗಳು ನಮಗೆ ಸಿಕ್ಕಿದ್ದು ಆ ಮರುವಿಚಾರಣೆಯಿಂದ ಮತ್ತು ಅದಕ್ಕೆ ಮೊದಲು ನಡೆದ ತನಿಖೆಗಳಿಂದ. ಅದೂ ಕೂಡ ಗೆದ್ದ ಅರಸನ ಕಾಲದ ಕಡತವೇ, ಮರೆಯಬೇಡಿ.

ಆದರೆ ನಾನು ಮತ್ತೆ ಮತ್ತೆ ತೆರೆಯುವ ಪುಟ ಮೇ 28ರದ್ದು. ಜಾನ್ ಸೆರೆಮನೆಯಲ್ಲಿ ಪುನಃ ಗಂಡಸರ ಉಡುಪು ಹಾಕಿದ್ದಾಳೆ. ಗುರುವಾರದ ನಂತರ ದನಿ ಕೇಳಿಸಿತಾ ಅಂತ ಕೇಳಿದರು. ಹೌದು ಅಂದಳು. ಜೀವ ಉಳಿಸಿಕೊಳ್ಳಲಿಕ್ಕೆ ಒಪ್ಪಿದ್ದು ದ್ರೋಹ ಅಂತ ದನಿಗಳು ನೊಂದು ಹೇಳಿದವು ಅಂದಳು. ಎರಡು ದಿನ ಕಳೆದು, ಮೇ 30ರಂದು, ಹಳೇ ಮಾರ್ಕೆಟ್ಟಿನ ಚೌಕದಲ್ಲಿ ಅವಳನ್ನು ಸುಟ್ಟರು. ಆ ಉತ್ತರದ ಪಕ್ಕದ ಅಂಚಿನಲ್ಲಿ ಬರಹಗಾರ ಎರಡು ಲ್ಯಾಟಿನ್ ಪದ ಬರೆದಿದ್ದಾನೆ, ಅರ್ಥ "ಪ್ರಾಣ ತೆಗೆಯುವ ಉತ್ತರ" ಅಂತ.