ಕೊಲೆಗಾರನನ್ನು ಬಚ್ಚಿಡದ ಆಟ

ರಂಗಮಂದಿರದಲ್ಲಿಯೇ ಕೊಲೆಯೊಂದನ್ನು ನಡೆಸಿ, ಅದರ ಸುತ್ತ ಪತ್ತೇದಾರಿ ಕಥೆಯನ್ನು ಹೆಣೆಯುವುದು ಹಾಲಿವುಡ್ಡಿಗೆ ಬಹುಕಾಲದಿಂದ ಪ್ರಿಯವಾದ ಕೆಲಸ. 1929ರಲ್ಲಿ ತೆರೆಕಂಡ, ಪಾಲ್ ಲೆನಿ ನಿರ್ದೇಶಿಸಿದ ‘ದಿ ಲಾಸ್ಟ್ ವಾರ್ನಿಂಗ್’ ಚಿತ್ರದಲ್ಲಿ ನಾಟಕ ನಡೆದಿರುವಾಗಲೇ ನಟನೊಬ್ಬ ಸಾಯುತ್ತಾನೆ, ಹೆಣ ಕಾಣೆಯಾಗುತ್ತದೆ, ಮಂದಿರಕ್ಕೆ ಬೀಗ ಬೀಳುತ್ತದೆ. ಕೆಲವು ವರ್ಷಗಳ ತರುವಾಯ ಅಲ್ಲಿಯೇ ಅದೇ ನಾಟಕವನ್ನು ಹಳೆಯ ನಟರಿಂದ ಮತ್ತೆ ಆಡಿಸಿ ಕೊಲೆಗಾರನನ್ನು ಹಿಡಿಯುತ್ತಾರೆ. ಕೊಂದವರು ಯಾರೆಂಬ ಕುತೂಹಲವೇ ಅಲ್ಲಿ ಕಥೆಯ ಜೀವ. ಉತ್ತರ ದೊರೆತೊಡನೆ ಪ್ರೇಕ್ಷಕ ನಿಶ್ಚಿಂತನಾಗಿ ಎದ್ದು ಹೋಗುತ್ತಾನೆ.

ನಡೆದ ಕೊಲೆಯನ್ನು ಮತ್ತೆ ಮತ್ತೆ ಆಡಿ ತೋರಿಸಿದ ಪರಂಪರೆ ನಮ್ಮಲ್ಲಿಯೂ ಉಂಟು. ಆದರೆ ಅದು ಯಾರನ್ನೂ ಹಿಡಿಯುವುದಕ್ಕಾಗಿ ಅಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳು ಶ್ರೀಕೃಷ್ಣ ಪಾರಿಜಾತ, ಸಣ್ಣಾಟಗಳನ್ನು ಕಂಡುಂಡ ಸೀಮೆ. ದೊಡ್ಡಾಟಕ್ಕೆ ಪುರಾಣದ ವೀರರು ಬೇಕು. ಸಣ್ಣಾಟಕ್ಕೆ ನೆರೆಮನೆಯ ಮನುಷ್ಯರೇ ಸಾಕು. ಈ ಸಣ್ಣಾಟಗಳಲ್ಲಿ ಹೆಸರಾದದ್ದು ‘ಸಂಗ್ಯಾ ಬಾಳ್ಯಾ’. ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯೇ ಇದಕ್ಕೆ ಆಧಾರವೆಂದೂ, ಪತ್ತಾರ ಮಾಸ್ತರರು ಇದನ್ನು ಕಟ್ಟಿದರೆಂದೂ ಬಲ್ಲವರು ಹೇಳುತ್ತಾರೆ.

ಸಂಗ್ಯಾ ಉಳ್ಳವರ ಮನೆಯ ಹುಡುಗ. ಬಾಳ್ಯಾ ಅವನ ಜೀವದ ಗೆಳೆಯ. ವ್ಯಾಪಾರಿ ಈರಣ್ಣನ ಹೆಂಡತಿ ಗಂಗಿಯನ್ನು ಸಂಗ್ಯಾ ಮೋಹಿಸುತ್ತಾನೆ. ಮುದುಕಿ ಪಾರವ್ವನ ನಡುವಸ್ತಿಕೆಯಿಂದ ಕೂಟ ಕೂಡುತ್ತದೆ. ಸುದ್ದಿ ಈರಣ್ಣನಿಗೆ ಮುಟ್ಟುತ್ತದೆ. ಅವನೂ ಅವನ ತಮ್ಮಂದಿರೂ ಬಾಳ್ಯಾನನ್ನು ಹಣದಿಂದ ಒಲಿಸಿಕೊಳ್ಳುತ್ತಾರೆ. ಗೆಳೆಯನ ದ್ರೋಹದಿಂದ ಸಂಗ್ಯಾ ಕೊಲೆಯಾಗುತ್ತಾನೆ. ಇದರಲ್ಲಿ ಬಚ್ಚಿಟ್ಟದ್ದು ಏನೂ ಇಲ್ಲ. ಆಟಕ್ಕೆ ಬಂದು ಕುಳಿತವರೆಲ್ಲ ಕೊನೆಯನ್ನು ಬಲ್ಲವರು. ಆದರೂ ಹಿಮ್ಮೇಳ ಪಲ್ಲವಿಯನ್ನು ಎತ್ತಿಕೊಂಡಾಗ ಒಬ್ಬರೂ ಏಳುವುದಿಲ್ಲ. ಕೊಂದವರು ಯಾರೆಂಬುದು ಅವರ ಪ್ರಶ್ನೆಯಲ್ಲ. ಉಂಡ ಮನೆಗೆ, ನಂಬಿದ ಜೀವಕ್ಕೆ ಮನುಷ್ಯ ಎರಡು ಬಗೆಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಪೋಲೀಸರ ಬಳಿ ಉತ್ತರವಿಲ್ಲ.

ಕೊನೆ ತಿಳಿದ ಕಥೆಯನ್ನು ಕೇಳುವ ಈ ಹದ ಇಲ್ಲಿಗೆ ಹೊಸತಲ್ಲ. ಹತ್ತನೆಯ ಶತಮಾನದ ಮಹಾಕವಿ ರನ್ನ ಮುಧೋಳದವನು. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನ ಬೀಳುವನೆಂಬುದನ್ನು ಅರಿಯದ ಓದುಗನಿಲ್ಲ. ಆದರೆ ರಣರಂಗದಲ್ಲಿ ಕರ್ಣನ ಹೆಣದ ಮುಂದೆ ಆ ದೊರೆ ಅಳುವಾಗ ನಾವು ಅವನ ಅಪರಾಧಗಳ ಲೆಕ್ಕವನ್ನು ಮರೆಯುತ್ತೇವೆ. ರಾಜ್ಯದ ಆಸೆ ತೋರಿದರೂ ಕರ್ಣ ಗೆಳೆಯನನ್ನು ಬಿಡಲಿಲ್ಲ. ಬಾಳ್ಯಾ ಹಣಕ್ಕೆ ಬಿಟ್ಟ. ಸಣ್ಣಾಟದ ಕವಿ ರನ್ನನನ್ನು ಓದಿರಬೇಕೆಂದಿಲ್ಲ. ಆದರೆ ಇಬ್ಬರೂ ಕೈಯಿಟ್ಟದ್ದು ಒಂದೇ ಗಾಯದ ಮೇಲೆ.

ಚಂದ್ರಶೇಖರ ಕಂಬಾರರು ಈ ಕಥೆಯನ್ನು ಆಧುನಿಕ ರಂಗಕ್ಕೆ ತಂದರು. ಸುಂದರಕೃಷ್ಣ ಅರಸರ ನಿರ್ದೇಶನದಲ್ಲಿ 1992ರಲ್ಲಿ ಇದು ಚಲನಚಿತ್ರವೂ ಆಯಿತು. ಹೆಸರು ಮಾತ್ರ ಬದಲಾಗಲಿಲ್ಲ. ಕೊಂದ ಈರಣ್ಣನ ಹೆಸರನ್ನಾಗಲಿ, ಕಾರಣಳಾದ ಗಂಗಿಯ ಹೆಸರನ್ನಾಗಲಿ ಜನ ಈ ಆಟಕ್ಕೆ ಇಡಲಿಲ್ಲ. ಸತ್ತವನನ್ನೂ ಅವನನ್ನು ಮಾರಿದವನನ್ನೂ ಒಂದೇ ಉಸಿರಿನಲ್ಲಿ ಕರೆದರು. ಹಣ ಅಗಲಿಸಿದ ಇಬ್ಬರು ಗೆಳೆಯರನ್ನು ಜನರ ನಾಲಗೆ ಇಂದಿಗೂ ಅಗಲಿಸಿಲ್ಲ.