ಎದೆಯ ಮೇಲಿನ ಕೆಂಪು ಅಕ್ಷರ

ಕಾದಂಬರಿಯನ್ನು ಓದುವಾಗ ಅದರ ಹಿಂದಿರುವ ಇತಿಹಾಸವನ್ನೂ ಅರಿಯಬೇಕೆಂದು ತರಗತಿಯಲ್ಲಿ ಹೇಳುತ್ತಿದ್ದೆ. ಅದಕ್ಕೆ ಅಮೆರಿಕದ ನಥಾನಿಯೆಲ್ ಹಾಥಾರ್ನ್ 1850ರಲ್ಲಿ ಪ್ರಕಟಿಸಿದ ‘ದಿ ಸ್ಕಾರ್ಲೆಟ್ ಲೆಟರ್’ ಒಳ್ಳೆಯ ನಿದರ್ಶನ.

ಕಥೆ ನಡೆಯುವುದು 1640ರ ದಶಕದ ಬಾಸ್ಟನ್ನಿನಲ್ಲಿ. ಅದು ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರ ವಸಾಹತು. ಧರ್ಮದ ದೃಷ್ಟಿಯ ಪಾಪ ಅಲ್ಲಿ ಕಾನೂನಿನ ಅಪರಾಧವೂ ಹೌದು. ಪತಿ ದೂರವಿದ್ದಾಗ ತಾಯಿಯಾದ ಹೆಸ್ಟರ್ ಪ್ರಿನ್, ವ್ಯಭಿಚಾರದ ಗುರುತಾಗಿ ‘ಎ’ ಎಂಬ ಕೆಂಪು ಅಕ್ಷರವನ್ನು ಎದೆಯ ಮೇಲೆ ಧರಿಸಿ, ಕೂಸಿನೊಡನೆ ಜನರೆದುರು ಶಿಕ್ಷೆಯ ಕಟ್ಟೆಯ ಮೇಲೆ ನಿಲ್ಲುತ್ತಾಳೆ. ಮಗುವಿನ ತಂದೆ ಊರೇ ಪೂಜಿಸುವ ಪಾದ್ರಿ ಡಿಮ್ಸ್‌ಡೇಲ್. ಅವನು ಏಳು ವರ್ಷ ಬಾಯಿ ಬಿಡುವುದಿಲ್ಲ.

ಈ ಶಿಕ್ಷೆ ಬರಿಯ ಕಲ್ಪನೆಯಲ್ಲ. ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ವ್ಯಭಿಚಾರಕ್ಕಾಗಿ 1644ರಲ್ಲಿ ಇಬ್ಬರನ್ನು ಗಲ್ಲಿಗೇರಿಸಲಾಗಿತ್ತು. 1694ರ ಕಾನೂನು ಮರಣದಂಡನೆಯ ಬದಲಿಗೆ ಛಡಿಯೇಟನ್ನೂ, ಎರಡು ಅಂಗುಲದ ‘ಎ’ ಅಕ್ಷರವನ್ನೂ ವಿಧಿಸಿತು. ಉಡುಪಿನ ಬಣ್ಣಕ್ಕೆ ವಿರುದ್ಧವಾದ ಬಣ್ಣದ ಆ ಅಕ್ಷರವನ್ನು ತೋಳಿಗೋ ಬೆನ್ನಿಗೋ ಎಲ್ಲರಿಗೂ ಕಾಣುವಂತೆ ಹೊಲಿಯಬೇಕಿತ್ತು. ಹಾಥಾರ್ನ್ ಅದನ್ನು ಎದೆಗೆ ತಂದನು. ಇಡೀ ಕೃತಿಯ ಮರ್ಮ ಇಲ್ಲಿದೆಯೆಂದು ನನ್ನ ಭಾವನೆ. ಹೆಸ್ಟರಳ ಎದೆಯ ಮೇಲಿರುವುದು ಊರು ಹೊರಿಸಿದ ಅವಮಾನ. ಪಾದ್ರಿಯ ಎದೆಯೊಳಗಿರುವುದು ಯಾರಿಗೂ ಕಾಣದ ಪಾಪಪ್ರಜ್ಞೆ. ಮೊದಲನೆಯದನ್ನು ಹೊತ್ತವಳು ರೋಗಿಗಳ, ದುಃಖಿತರ ಸೇವೆಯಿಂದ ಆ ಅಕ್ಷರದ ಅರ್ಥವನ್ನೇ ಬದಲಿಸಿದಳು. ಎರಡನೆಯದನ್ನು ಬಚ್ಚಿಟ್ಟವನು ಒಳಗೊಳಗೇ ಸವೆದು, ಕಡೆಗೆ ಅದೇ ಕಟ್ಟೆಯ ಮೇಲೆ ಒಪ್ಪಿಕೊಂಡು ಪ್ರಾಣಬಿಟ್ಟನು.

ಲೇಖಕನ ಮನೆತನಕ್ಕೂ ಈ ಭಾರವಿತ್ತು. 1692ರಲ್ಲಿ ಸೇಲಂ ಊರಿನಲ್ಲಿ ಮಾಟಗಾತಿಯರೆಂಬ ಆರೋಪದ ವಿಚಾರಣೆಗಳು ನಡೆದು 19 ಮಂದಿಗೆ ಗಲ್ಲಾಯಿತು. ಆಗಿನ ನ್ಯಾಯಾಧೀಶರಲ್ಲಿ ಒಬ್ಬನಾದ ಜಾನ್ ಹಾಥಾರ್ನ್ ಇವನ ಮುತ್ತಜ್ಜನ ತಂದೆ. ಮತ್ತೊಬ್ಬ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಲ್ 1697ರಲ್ಲಿ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು, ತನ್ನ ತಪ್ಪೊಪ್ಪಿಗೆಯನ್ನು ಪಾದ್ರಿಯಿಂದ ಓದಿಸಿದನು. ಜಾನ್ ಹಾಥಾರ್ನ್ ಹಾಗೆ ನಿಲ್ಲಲಿಲ್ಲ. ಪೂರ್ವಜರ ಆ ಲಜ್ಜೆಯನ್ನು ಕಾದಂಬರಿಯ ಮುನ್ನುಡಿಯಲ್ಲಿ ವಂಶಜನು ತನ್ನ ಮೇಲೆ ಹೊತ್ತುಕೊಂಡನು.

ಸೀವಲ್‌ನನ್ನು ಯಾವ ನ್ಯಾಯಾಲಯವೂ ನಿಲ್ಲಿಸಿರಲಿಲ್ಲ. ಹೆಸ್ಟರಳೂ ಊರು ಬಿಟ್ಟುಹೋದವಳು ವರ್ಷಗಳ ಮೇಲೆ ಮರಳಿ, ಯಾರ ಬಲವಂತವೂ ಇಲ್ಲದೆ ಅದೇ ಅಕ್ಷರವನ್ನು ಧರಿಸಿದಳು. ಅವಮಾನವನ್ನು ಊರು ಹೊರಿಸಬಲ್ಲದು; ಪಶ್ಚಾತ್ತಾಪವನ್ನು ಹೊರಿಸಲಾರದು. ನಿಮ್ಮಲ್ಲಿ ಹಲವರು ಇಂದು ಉಪಾಧ್ಯಾಯರು, ತಂದೆತಾಯಿಗಳು. ಮಗುವಿನ ತಪ್ಪನ್ನು ನಾಲ್ವರೆದುರು ಎತ್ತಿ ಆಡುವ ಮುನ್ನ ಈ ಭೇದವನ್ನು ಒಮ್ಮೆ ನೆನೆಯಿರಿ.