ಊರ ರಸ್ತೆಯ ಕಾವಲು: ಸೌಕರ್ಯಗಳ ಸಮಿತಿ ನಡೆದು ಬಂದ ದಾರಿ

ಗ್ರಾಮ ಪಂಚಾಯಿತಿ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಚುನಾವಣೆ, ಖಾತೆ, ಮನೆ ಹಂಚಿಕೆ, ನೀರಿನ ತಾಪತ್ರಯ. ಪಂಚಾಯಿತಿಯೊಳಗೆ ಮೂರು ಸ್ಥಾಯಿ ಸಮಿತಿಗಳಿವೆ, ಅವುಗಳಲ್ಲಿ ಒಂದಕ್ಕೆ ಊರಿನ ರಸ್ತೆ, ಮೋರಿ, ಚರಂಡಿಯಂಥ ಸಾರ್ವಜನಿಕ ಕಾಮಗಾರಿಗಳ ಹೊಣೆ ಇದೆ ಎಂಬುದನ್ನು ಬಲ್ಲವರು ಕಡಿಮೆ. ಅದೇ ಸೌಕರ್ಯಗಳ ಸಮಿತಿ. 1993ರ ಮೇ 10ರಂದು ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ ಜಾರಿಗೆ ಬಂದು ಮೂರು ದಶಕ ದಾಟಿದೆ. ಸದ್ದಿಲ್ಲದೆ ದುಡಿದ ಈ ಸಮಿತಿಯ ಚರಿತ್ರೆಯನ್ನು ಒಂದೆಡೆ ದಾಖಲಿಸುವುದು ನಮ್ಮ ಕರ್ತವ್ಯ.

ತೊಂಡೇಬಾವಿಯಲ್ಲಿ ನಿಂತು ಈ ಚರಿತ್ರೆ ಬರೆಯುವುದಕ್ಕೆ ಕಾರಣವಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಹೋಬಳಿ ಕೇಂದ್ರವಾದ ಈ ಊರು ಬೆಂಗಳೂರಿನಿಂದ ಹಿಂದೂಪುರದ ಮೇಲೆ ಗುಂತಕಲ್ಲಿಗೆ ಹೋಗುವ ರೈಲುಮಾರ್ಗದ ನಿಲ್ದಾಣ. ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರಗಳ ನಡುವಿನ ಓಡಾಟವೆಲ್ಲ ಈ ಸೀಮೆಯನ್ನು ಹಾದೇ ಹೋಗಬೇಕು. ಎಸಿಸಿ ಸಿಮೆಂಟ್ ಕಾರ್ಖಾನೆ ಇಲ್ಲಿರುವುದರಿಂದ ಭಾರದ ಲಾರಿ, ಟ್ಯಾಂಕರುಗಳು ನಿತ್ಯದ ನೋಟ. ಅದೇ ರಸ್ತೆಯಲ್ಲಿ ಡೇರಿಗೆ ಹಾಲಿನ ಕ್ಯಾನು ಹೊತ್ತ ಹೆಂಗಸರು, ಶಾಲೆಗೆ ಹೊರಟ ಮಕ್ಕಳು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರ ಟೆಂಪೊ, ಮೇವು ತುಂಬಿದ ಟ್ರ್ಯಾಕ್ಟರ್. ಹೆದ್ದಾರಿಯೂ ಊರ ಬೀದಿಯೂ ಕೂಡುವ ಇಂಥ ಕಡೆ ಕಾಮಗಾರಿಯ ಪ್ರಶ್ನೆ ಮತ್ತು ಪ್ರಾಣದ ಪ್ರಶ್ನೆ ಬೇರೆಬೇರೆಯಾಗಿ ಉಳಿಯುವುದಿಲ್ಲ.

ರೂಪಾಯಿಗೆ ಒಂದಾಣೆ

ಹಳೆಯ ಮೈಸೂರು ಸೀಮೆಯಲ್ಲಿ ರಸ್ತೆಯ ಕೆಲಸ ಮೊದಲಿನಿಂದಲೂ ಸರ್ಕಾರದ ಕೈಯಲ್ಲೇ ಇತ್ತು. ಕಮಿಷನರ್ ಮಾರ್ಕ್ ಕಬ್ಬನ್ನರ ಆಡಳಿತ (1834–1861) ರಸ್ತೆ ನಿರ್ಮಾಣಕ್ಕೆ ಹೆಸರಾದದ್ದು. ನಂದಿ ಬೆಟ್ಟದ ಮೇಲೆ ಬೇಸಿಗೆ ಕಳೆಯುತ್ತಿದ್ದ ಈ ಅಧಿಕಾರಿಯ ಕಾಲದಲ್ಲೇ, 1856ರಲ್ಲಿ, ಮೈಸೂರಿನ ಲೋಕೋಪಯೋಗಿ ಇಲಾಖೆ ಹುಟ್ಟಿತು. ಆದರೆ ಇಲಾಖೆ ನೋಡಿದ್ದು ಪಟ್ಟಣದಿಂದ ಪಟ್ಟಣಕ್ಕೆ ಹೋಗುವ ದೊಡ್ಡ ದಾರಿಗಳನ್ನು. ಹಳ್ಳಿಯಿಂದ ಆ ದೊಡ್ಡ ದಾರಿಗೆ ಬಂದು ಸೇರುವ ಗಾಡಿಜಾಡು ಯಾರ ಲೆಕ್ಕದಲ್ಲೂ ಇರಲಿಲ್ಲ.

1870ರ ದಶಕದಲ್ಲಿ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆ ಸೆಸ್ ಹಾಕಿ ಲೋಕಲ್ ಫಂಡ್ ಸ್ಥಾಪಿಸಿದಾಗ ಸ್ಥಳೀಯ ರಸ್ತೆಗೆಂದೇ ಒಂದು ಹುಂಡಿ ಸಿಕ್ಕಿತು. ಅದನ್ನು ಖರ್ಚು ಮಾಡಲು ಜಿಲ್ಲೆಗೊಂದು ಸಮಿತಿಯೂ ಬಂತು. ಆದರೆ ಆ ಸಮಿತಿ ಅಧಿಕಾರಿಗಳದ್ದು. ರೈತ ಅದಕ್ಕೆ ಹಣ ಕೊಡುವವನಾಗಿದ್ದನೇ ಹೊರತು ಕೇಳುವವನಾಗಿರಲಿಲ್ಲ. ಕೇಳುವ ಅವಕಾಶ ಬಂದದ್ದು 1881ರ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ. 144 ಸದಸ್ಯರ ಆ ಮೊದಲ ಸಭೆಗೆ ಹಣಕಾಸಿನ ಅಧಿಕಾರವಿರಲಿಲ್ಲ. ಆದರೂ ತಾಲ್ಲೂಕುಗಳಿಂದ ಬಂದವರು ತಮ್ಮ ಕಡೆಯ ಕುಂದುಕೊರತೆಗಳನ್ನು ಸರ್ಕಾರದ ಮುಂದೆ ನಿಂತು ಹೇಳುವ ಪದ್ಧತಿ ಅಲ್ಲಿಂದ ಶುರುವಾಯಿತು. ನಮ್ಮ ಗ್ರಾಮಸಭೆಯ ಮೂಲವನ್ನು ಹುಡುಕುತ್ತಾ ಹೋದರೆ ಸಿಗುವ ಹೆಜ್ಜೆಗಳಲ್ಲಿ ಇದೂ ಒಂದು.

ವಾರಕ್ಕೆ ಅರ್ಧ ದಿನ

ಗ್ರಾಮದ ಮಟ್ಟದಲ್ಲೇ ಸಮಿತಿ ಬೇಕು ಎಂಬ ಯೋಚನೆಗೆ ರೂಪ ಕೊಟ್ಟವರು ನಮ್ಮ ಜಿಲ್ಲೆಯವರೇ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯ 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರ ಗ್ರಾಮ ಸುಧಾರಣಾ ಯೋಜನೆಯಲ್ಲಿ ಊರಿಗೊಂದು ಸಮಿತಿ, ವಾರದಲ್ಲಿ ಅರ್ಧ ದಿನ ಊರವರೇ ಊರ ಕೆಲಸಕ್ಕೆ ಕೈಹಾಕುವ ಏರ್ಪಾಡು ಇತ್ತು. ಅವರ ಅಧಿಕಾರಾವಧಿಯ ಕೊನೆಯ ವರ್ಷದಲ್ಲೇ, 1918ರಲ್ಲಿ, ಲೋಕಲ್ ಬೋರ್ಡು ಮತ್ತು ಗ್ರಾಮ ಪಂಚಾಯಿತಿಗಳ ಕಾನೂನು ಬಂತು. ಅಣೆಕಟ್ಟು, ಕಾರ್ಖಾನೆ, ಬ್ಯಾಂಕುಗಳಿಗಾಗಿ ಅವರನ್ನು ನೆನೆಯುವ ನಾವು ಈ ಸಣ್ಣ ಸಮಿತಿಗಳಿಗಾಗಿಯೂ ನೆನೆಯಬೇಕು.

ಮುಂದಿನ ದಶಕಗಳಲ್ಲಿ ಹೆಸರುಗಳು ಬದಲಾಗುತ್ತಾ ಹೋದವು: ಡಿಸ್ಟ್ರಿಕ್ಟ್ ಬೋರ್ಡು ಹೋಗಿ, 1959ರ ಕಾಯ್ದೆಯ ಪ್ರಕಾರ ತಾಲ್ಲೂಕು ಅಭಿವೃದ್ಧಿ ಮಂಡಳಿ ಬಂತು. ಹಿರಿಯರು ಅದನ್ನು ಈಗಲೂ 'ಟಿ.ಡಿ.ಬಿ.' ಎಂದೇ ಕರೆಯುತ್ತಾರೆ. 1983ರ ಕಾಯ್ದೆಯಡಿ, 1987ರ ಚುನಾವಣೆಯ ನಂತರ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು ಕೆಲಸ ಆರಂಭಿಸಿದವು. ರಾಮಕೃಷ್ಣ ಹೆಗಡೆಯವರ ಸರ್ಕಾರದ ಸಚಿವ ಅಬ್ದುಲ್ ನಜೀರ್ ಸಾಬ್ ಈ ವ್ಯವಸ್ಥೆಯ ಬೆನ್ನೆಲುಬು. ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಅವರ ದೊಡ್ಡ ಕೊಡುಗೆ, ಹಳ್ಳಿಯ ಕೆಲಸವನ್ನು ಹಳ್ಳಿಯವರೇ ತೀರ್ಮಾನಿಸಲಿ ಎಂಬ ಹಟ.

ಸಮಿತಿಯ ಹುಟ್ಟು

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರ ಜೊತೆ ಬಂದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆಗಳದ್ದು 13ನೆಯದು. ಹದಿನಾರು ದಿನಗಳ ನಂತರ ಜಾರಿಯಾದ ಕರ್ನಾಟಕದ ಕಾಯ್ದೆಯ 61ನೇ ಪ್ರಕರಣ ಪ್ರತಿ ಗ್ರಾಮ ಪಂಚಾಯಿತಿಗೂ ಮೂರು ಸ್ಥಾಯಿ ಸಮಿತಿಗಳನ್ನು ಕಡ್ಡಾಯ ಮಾಡಿತು: ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯಗಳ ಸಮಿತಿ. ಶಿಕ್ಷಣ, ಸಾರ್ವಜನಿಕ ಆರೋಗ್ಯ, ಸಾರ್ವಜನಿಕ ಕಾಮಗಾರಿಗಳು ಮೂರನೆಯದರ ಪಾಲಿಗೆ ಬಂದವು. ಮೂವರಿಗೆ ಕಡಿಮೆಯಿಲ್ಲದ, ಐವರಿಗೆ ಮೀರದ ಸದಸ್ಯರು. ಪಂಚಾಯಿತಿ ಅಧ್ಯಕ್ಷರೇ ಸಮಿತಿಯ ಅಧ್ಯಕ್ಷರು.

ನಾಲ್ಕೈದು ಜನರ ಈ ಸಮಿತಿ ಮಾಡುವ ಕೆಲಸಕ್ಕೆ ಪ್ರಚಾರವಿಲ್ಲ. ವಾರ್ಡ್ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಮೋರಿ ಕುಸಿದಿದೆ, ಮಳೆ ಬಂದರೆ ನೀರೆಲ್ಲ ರಸ್ತೆ ಮೇಲೆಯೇ ಎನ್ನುತ್ತಾರೆ. ಅದು ಗ್ರಾಮಸಭೆಗೆ ಬರುತ್ತದೆ, ಸಮಿತಿ ಸ್ಥಳ ನೋಡುತ್ತದೆ, ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ, ಕ್ರಿಯಾಯೋಜನೆಗೆ ಸೇರುತ್ತದೆ, ಕೆಲಸ ಮುಗಿದ ಮೇಲೆ ಅಳತೆ ಪುಸ್ತಕಕ್ಕೆ ಏರುತ್ತದೆ, ಜಮಾಬಂದಿಯಲ್ಲಿ ಊರವರ ಮುಂದೆ ಲೆಕ್ಕ ಓದಲಾಗುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಮೋರಿ ಹಾಗೇ ಉಳಿಯುತ್ತದೆ. ಅದು ಕಳಚದಂತೆ ಹಿಡಿದವರು ಮೀಸಲಾತಿಯಿಂದ ಮೊದಲ ಬಾರಿಗೆ ಪಂಚಾಯಿತಿ ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳು, ದಲಿತ ಸದಸ್ಯರು, ಪಿಡಿಒಗಳು, ಬಿಲ್ ಕಲೆಕ್ಟರುಗಳು, ಕತ್ತಲಾಗುತ್ತಿದ್ದಂತೆ ಬೀದಿದೀಪದ ಸ್ವಿಚ್ಚು ಹಾಕುವ ನೀರುಗಂಟಿಗಳು. ನಮ್ಮ ಗೌರವ ಸಲ್ಲಬೇಕಾದದ್ದು ಇವರೆಲ್ಲರಿಗೆ.

ಈ ರಸ್ತೆ ಯಾರದ್ದು?

ಸಮಿತಿಯ ಮೂರು ದಶಕಗಳ ಅತಿ ದೊಡ್ಡ ತೊಡಕು ಹಣದ ಕೊರತೆಯಲ್ಲ, ಒಡೆತನದ ಗೋಜಲು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಹಳ್ಳಿಗಳನ್ನು ಕೂಡಿಸುವ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಹಳಿಯ ಗೇಟು ರೈಲ್ವೆಯದ್ದು. ಗ್ರಾಮ ಪಂಚಾಯಿತಿಗೆ ಉಳಿಯುವುದು ಊರೊಳಗಿನ ಬೀದಿ. ಆದರೆ ಜೀವ ಹೋಗುವುದು ಹೆಚ್ಚಾಗಿ ಬೀದಿ ಹೆದ್ದಾರಿಗೆ ಕೂಡುವ ಜಾಗದಲ್ಲಿ, ಅಂದರೆ ಒಬ್ಬರ ಹೊಣೆ ಮುಗಿದು ಇನ್ನೊಬ್ಬರದ್ದು ಶುರುವಾಗುವ ಗೆರೆಯ ಮೇಲೆ. ಯಾವ ತಿರುವಿನಲ್ಲಿ ಜಾಲಿಗಿಡ ಬೆಳೆದು ಎದುರಿನ ಗಾಡಿ ಕಾಣುವುದಿಲ್ಲ, ಯಾವ ಹೊತ್ತಿಗೆ ಮಕ್ಕಳು ರಸ್ತೆ ದಾಟುತ್ತಾರೆ ಎಂಬುದು ಸಮಿತಿಗೆ ಚೆನ್ನಾಗಿ ಗೊತ್ತು. ಆದರೆ ಅಲ್ಲೊಂದು ಫಲಕ ನೆಡಲೂ ಅದು ಬೇರೆ ಕಚೇರಿಗೆ ಪತ್ರ ಬರೆಯಬೇಕು.

ಊರವರು ಮಾತ್ರ ಬಲ್ಲ ಇನ್ನೊಂದು ಸಂಗತಿ ಒಕ್ಕಣೆಯದು. ಸುಗ್ಗಿಯಲ್ಲಿ ನಮ್ಮ ಸೀಮೆಯ ಡಾಂಬರು ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡುತ್ತಾರೆ, ವಾಹನಗಳ ಚಕ್ರವೇ ಅದನ್ನು ಒಕ್ಕುತ್ತದೆ. ಬೈಕಿನ ಚಕ್ರ ಹುಲ್ಲಿನ ಮೇಲೆ ಜಾರುತ್ತದೆ, ರಾಶಿಯ ಸುತ್ತ ಇಟ್ಟ ಕಲ್ಲು ಕತ್ತಲಲ್ಲಿ ಕಾಣುವುದಿಲ್ಲ. ಪೊಲೀಸರು ಎಚ್ಚರಿಸುತ್ತಾರೆ, ರೈತ ಮಾರನೆಯ ದಿನ ಮತ್ತೆ ಹರಡುತ್ತಾನೆ. ಸಗಣಿ ಸಾರಿಸಿದ ಕಣಗಳು ಊರಿನಿಂದ ಮರೆಯಾಗಿವೆ, ಕೂಲಿಯಾಳು ಸಿಗುವುದಿಲ್ಲ, ಅವನಿಗೆ ಬೇರೆ ಜಾಗವೇ ಇಲ್ಲ. ಉದ್ಯೋಗ ಖಾತರಿ ಯೋಜನೆಯಲ್ಲಿ ಕಾಂಕ್ರೀಟ್ ಒಕ್ಕಣೆ ಕಣ ಕಟ್ಟಿಸಲು ಅವಕಾಶ ಕೊಟ್ಟದ್ದು ಇದಕ್ಕೆ ಸರಿಯಾದ ಮದ್ದು. ಕಣ ಕಟ್ಟಿಸಿದ ಪಂಚಾಯಿತಿ ರಸ್ತೆ ಸುರಕ್ಷತೆಯ ಕೆಲಸವನ್ನೇ ಮಾಡಿದಂತೆ. ದೂರದ ಕಚೇರಿಯಲ್ಲಿ ಕುಳಿತವರಿಗೆ ಕಣಕ್ಕೂ ಅಪಘಾತಕ್ಕೂ ಇರುವ ನಂಟು ಹೊಳೆಯುವುದಿಲ್ಲ.

ಸ್ಥಳೀಯ ಅರಿವಿಗೆ ತಾಂತ್ರಿಕ ಅರಿವೂ ಜೊತೆಯಾಗಬೇಕು. ಅಪಘಾತವಾದ ಮಾರನೆಯ ದಿನ 'ಹಂಪ್ಸ್ ಹಾಕಿ' ಎಂಬ ಕೂಗು ಏಳುತ್ತದೆ. ಒಂದು ಲೋಡು ಜಲ್ಲಿ, ಡಾಂಬರು ತಂದು ಗುಡ್ಡೆ ಹಾಕಿದರೆ ಅದೇ ಮುಂದಿನ ಅಪಘಾತಕ್ಕೆ ಕಾರಣವಾಗಬಹುದು. 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಕಾಣುವಂತೆ ಬಣ್ಣ, ಮುಂಚೆಯೇ ಎಚ್ಚರಿಸುವ ಫಲಕ. ಅಷ್ಟು ಅಗಲಕ್ಕೆ ನಿಧಾನವಾಗಿ ಏರಿ ಇಳಿಯುವ ಉಬ್ಬು ವೇಗವನ್ನು ತಗ್ಗಿಸುತ್ತದೆ. ಚೂಪಾದ ಗುಡ್ಡೆ ಬೈಕಿನ ಹಿಂದೆ ಕುಳಿತ ತಾಯಿಯನ್ನು ಎತ್ತಿ ಎಸೆಯುತ್ತದೆ.

ಜಿಲ್ಲೆಯ ಸಮಿತಿ

ಗ್ರಾಮದ ಸಮಿತಿಯ ಮಾತನ್ನು ಕೇಳಬೇಕಾದ ವೇದಿಕೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. 1988ರ ಮೋಟಾರು ವಾಹನ ಕಾಯ್ದೆಯ 215ನೇ ಪ್ರಕರಣದಲ್ಲೇ ಅದರ ಪ್ರಸ್ತಾಪವಿದೆ. ಕೊಯಮತ್ತೂರಿನ ಮೂಳೆ ಶಸ್ತ್ರವೈದ್ಯ ಡಾ. ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿ 2017ರ ನವೆಂಬರ್ 30ರಂದು ಬಂದ ಆದೇಶ ಪ್ರತಿ ಜಿಲ್ಲೆಯಲ್ಲೂ ಈ ಸಮಿತಿ ಇರಲೇಬೇಕೆಂದಿತು. ನಮ್ಮಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪೊಲೀಸ್, ಸಾರಿಗೆ, ಲೋಕೋಪಯೋಗಿ, ಆರೋಗ್ಯ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂರುತ್ತವೆ. 2007ರ ಆಗಸ್ಟ್ 23ರಂದು ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದುದರಿಂದ ಆ ಮೇಜು ನಮಗೆ ಹತ್ತಿರವೂ ಆಗಿದೆ.

ಅದರ ಅಗತ್ಯವನ್ನು ನಮ್ಮ ಜಿಲ್ಲೆ ಕಣ್ಣೀರಿನಿಂದ ಕಲಿತಿದೆ. 2021ರ ಸೆಪ್ಟೆಂಬರ್ 12ರಂದು ಚಿಂತಾಮಣಿ ತಾಲ್ಲೂಕಿನ ಮರಿನಾಯಕನಹಳ್ಳಿ ಬಳಿ ಜೀಪಿಗೂ ಲಾರಿಗೂ ಡಿಕ್ಕಿಯಾಗಿ ಎಂಟು ಮಂದಿ ಸತ್ತರು. 2023ರ ಅಕ್ಟೋಬರ್ 26ರ ಬೆಳಗ್ಗೆ, ದಟ್ಟ ಮಂಜಿನಲ್ಲಿ, ಚಿಕ್ಕಬಳ್ಳಾಪುರದ ಹೊರವಲಯದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಲಾರಿಗೆ ಟಾಟಾ ಸುಮೊ ಗುದ್ದಿ ಹದಿಮೂರು ಜೀವಗಳು ಹೋದವು. ಆಂಧ್ರದ ಕಡೆಯಿಂದ ಬೆಂಗಳೂರಿನ ದುಡಿಮೆಗೆ ಹೊರಟಿದ್ದವರು ಅವರು. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ.

ಹೆದ್ದಾರಿ ಇಲಾಖೆಯ ಲೆಕ್ಕದಲ್ಲಿ ಸುಮಾರು 500 ಮೀಟರ್ ಉದ್ದದ ರಸ್ತೆಯಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾದರೆ, ಇಲ್ಲವೇ ಹತ್ತು ಸಾವುಗಳಾದರೆ ಅದು 'ಬ್ಲ್ಯಾಕ್ ಸ್ಪಾಟ್'. ದುರಸ್ತಿಗೆ ಮೊದಲ ಸರದಿ ಅಂಥ ಜಾಗಗಳದ್ದು. ನಾಲ್ಕು ಅಪಘಾತವಾದ ತಿರುವು ಆ ಪಟ್ಟಿಗೆ ಬರುವುದಿಲ್ಲ. ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಪ್ಪಿದ ನೀತಿಯ ತಿರುಳೇ ಬೇರೆ: ಮನುಷ್ಯ ತಪ್ಪು ಮಾಡುತ್ತಾನೆ, ಆ ತಪ್ಪಿಗೆ ಸಾವು ಶಿಕ್ಷೆಯಾಗದಂತೆ ರಸ್ತೆಯನ್ನೇ ಕಟ್ಟಬೇಕು. ಸಾವನ್ನು ಎಣಿಸುವ ಮುಂಚೆಯೇ ಅಪಾಯವನ್ನು ಗುರುತಿಸಬೇಕಾದರೆ ಅಲ್ಲಿ ನಿತ್ಯ ಓಡಾಡುವವರ ಕಣ್ಣೇ ಬೇಕು. ಸೌಕರ್ಯಗಳ ಸಮಿತಿಯ ಬೆಲೆ ಇರುವುದು ಇಲ್ಲಿ.

ಇನ್ನು ಮುಂದೆ

ಹಾಗಾಗಿ ಮುಂದಿನ ದಶಕದ ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟು. ಸಮಿತಿಯ ಪ್ರತಿ ಸಭೆಯ ಕಾರ್ಯಸೂಚಿಯಲ್ಲಿ ರಸ್ತೆ ಸುರಕ್ಷತೆ ಒಂದು ಕಾಯಂ ವಿಷಯವಾಗಲಿ. ಬಿದ್ದವರು ಬದುಕಿದರೂ, ಪೊಲೀಸ್ ಠಾಣೆಗೆ ಹೋಗದಿದ್ದರೂ, ಆ ಅಪಘಾತದ ಜಾಗ, ಹೊತ್ತು, ಕಾರಣ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಯುವಕ ಮಂಡಳಿ, ಮಹಿಳಾ ಮಂಡಳಿಗಳ ಪ್ರತಿನಿಧಿಗಳನ್ನು, ಶಾಲೆಯ ಮೇಷ್ಟ್ರನ್ನು, ಟ್ರ್ಯಾಕ್ಟರ್ ಚಾಲಕರನ್ನು ಚರ್ಚೆಗೆ ಕರೆಯಲಿ. ಆ ದಾಖಲೆಯ ನಕಲು ನಿರ್ಣಯದ ಜೊತೆ ಜಿಲ್ಲಾ ಸಮಿತಿಗೆ ಹೋಗಲಿ, ಉತ್ತರ ಬರುವವರೆಗೂ ಪ್ರತಿ ಸಭೆಯಲ್ಲಿ ಅದನ್ನು ಓದಲಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 198ಎ ಪ್ರಕರಣ, ಸುರಕ್ಷತಾ ಮಾನದಂಡ ಪಾಲಿಸದ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯವಾದರೆ ಅದನ್ನು ಕಟ್ಟಿದ, ನಿರ್ವಹಿಸುವ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಅಪಾಯವಿದೆ ಎಂದು ದಿನಾಂಕ ಸಹಿತ ಮೊದಲೇ ಬರೆದು ಕಳಿಸಿದ ಪಂಚಾಯಿತಿಯ ಪತ್ರ ಅಂಥ ಹೊತ್ತಿನಲ್ಲಿ ಬಲವಾದ ಸಾಕ್ಷಿಯಾಗುತ್ತದೆ.

ಇದಕ್ಕೆ ಹೊಸ ಕಾನೂನು ಬೇಡ, ಅನುದಾನಕ್ಕೆ ಕಾಯಬೇಕಾಗಿಲ್ಲ. 1993ರಲ್ಲೇ ಕೈಗೆ ಬಂದ ಅಧಿಕಾರ, ಊರವರ ತಿಳಿವಳಿಕೆ, ತಪ್ಪದೆ ಬರೆದಿಡುವ ಶಿಸ್ತು ಸಾಕು. ಪ್ರಜಾಪ್ರತಿನಿಧಿ ಸಭೆಯ ಕಾಲದಲ್ಲಿ ನಮ್ಮ ಹಿರಿಯರಿಗೆ ಕೇಳುವ ಅವಕಾಶವಷ್ಟೇ ಇತ್ತು. ನಮಗೆ ತೀರ್ಮಾನಿಸುವ ಹಕ್ಕಿದೆ. ಅದನ್ನು ಪೂರ್ತಿಯಾಗಿ ಬಳಸುವುದೇ ಈ ಸಮಿತಿಯನ್ನು ಕಟ್ಟಿದವರಿಗೆ ನಾವು ಸಲ್ಲಿಸಬಹುದಾದ ಗೌರವ.